ಹಿತ್ತಲ ಮಾತು: ಮರಕ್ಕೆ ಚಿಬ್ಬು ಹತ್ತಿದೆಯೇ?



ಈ ಸಲ ಬಂದ ಕಾಗದಗಳಲ್ಲಿ ಒಂದನ್ನು ಮೊದಲು ಎತ್ತಿಕೊಳ್ಳಲೇಬೇಕು. ಯಾಕೆಂದರೆ ಉತ್ತರ ತಡವಾದರೆ ಒಂದು ಮರ ಉರುಳಿಹೋಗುತ್ತೆ. ಶಿರಸಿ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ. ಅವರ ಹಿತ್ತಲಲ್ಲಿ ಅತ್ತೆಯವರು ನೆಟ್ಟ ಹಲಸಿನ ಮರವಿದೆ. ವರುಷ ವರುಷವೂ ಅದರ ಕಾಯಿಯಿಂದ ಹಪ್ಪಳ ಮಾಡಿ, ಮನೆಗಾಗಿ ಮಿಕ್ಕದ್ದನ್ನು ಮಾರಿ ಕೈಖರ್ಚಿಗೆ ನಾಲ್ಕು ಕಾಸು ಮಾಡಿಕೊಳ್ಳುತ್ತಾರೆ. ಈಗ ಮರದ ಮೈತುಂಬ ಬಿಳಿ, ಬೂದಿ ಬಣ್ಣದ ಮಚ್ಚೆಗಳು. ಕೆಲವು ಮಚ್ಚೆಗಳ ಮೇಲೆ ಯಾರೋ ಶಾಯಿಯಲ್ಲಿ ಗೀಚಿದ ಹಾಗೆ ಕಪ್ಪು ಗೆರೆಗಳು. ಪಕ್ಕದ ಮನೆಯವರು "ಮರಕ್ಕೆ ತೊನ್ನು ಹತ್ತಿದೆ, ಅಡಿಕೆಗೂ ದಾಟುತ್ತೆ" ಅಂದರಂತೆ. ಮದ್ದು ಹೊಡೆಯೋನು ಬಂದು "ಇದಕ್ಕೆ ಮದ್ದಿಲ್ಲ, ಕಡಿಸಿಬಿಡಿ" ಅಂದನಂತೆ. ಅವನ ಹಿಂದೆಯೇ ನಾಟಾ ವ್ಯಾಪಾರಿ ಬಂದು ಬೆಲೆಯನ್ನೂ ಹೇಳಿ ಹೋದನಂತೆ! ಮನೆಯವರು ಅರ್ಧ ಒಪ್ಪಿದ್ದಾರೆ. "ಅಕ್ಕಾ, ನಾನೇನು ಮಾಡಲಿ?" ಎಂದು ಕೇಳಿದ್ದಾರೆ.

ತಂಗೀ, ಮೊದಲು ಉತ್ತರ ಹೇಳಿಬಿಡ್ತೀನಿ, ವಿವರ ಆಮೇಲೆ. ಕಡಿಸಬೇಡಿ. ನೀವು ಬರೆದಿರುವ ಲಕ್ಷಣ ನೋಡಿದರೆ ಅದು ರೋಗವಲ್ಲ. ಮರದಿಂದ ಒಂದು ತೊಟ್ಟು ರಸವನ್ನೂ ಹೀರದೆ, ತೊಗಟೆಯ ಮೇಲೆ ಸುಮ್ಮನೆ ಕೂತಿರುವ ಒಂದು ಜೀವ ಅದು. ಹಲಸಿನ ನಾಟಾಕ್ಕೆ ಎಂಥ ಬೆಲೆ ಇದೆ ಅನ್ನೋದು ನಮಗೂ ಗೊತ್ತು, ವ್ಯಾಪಾರಿಗೂ ಗೊತ್ತು. ಅವನ ರೋಗಪರೀಕ್ಷೆಯನ್ನು ಅಷ್ಟಕ್ಕಷ್ಟೇ ನಂಬಿ.

ಇನ್ನೊಂದು ಮಾತು. "ತೊನ್ನು" ಎಂಬ ಪದವನ್ನು ಅಂಟುರೋಗದ ಅರ್ಥದಲ್ಲಿ ಬಳಸುವುದನ್ನು ನಾವು ಬಿಡಬೇಕು. ಮನುಷ್ಯರಿಗೆ ಬರುವ ತೊನ್ನೂ ಅಂಟುವುದಿಲ್ಲ. ಅದರ ಹೆಸರಲ್ಲಿ ಎಷ್ಟು ಹೆಣ್ಣುಮಕ್ಕಳ ಮದುವೆ ಮುರಿದಿದೆ ಅನ್ನೋದು ನಿಮಗೆ ತಿಳಿಯದ್ದೇನಲ್ಲ.

ಈಗ ಆ ಮಚ್ಚೆಯ ವಿಚಾರಕ್ಕೆ ಬರೋಣ. ಇದರ ಹೆಸರು ಲೈಕೆನ್. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ಸಂಬಂಧಿಕರೇ ಇವರು. ಲೈಕೆನ್ನುಗಳಲ್ಲಿ ಮುಖ್ಯವಾಗಿ ಮೂರು ರೂಪ. ಎಲೆಯ ಹಾಗೆ ಅಂಚು ಬಿಟ್ಟುಕೊಂಡು ಹರಡೋದು ಒಂದು. ಕಲ್ಲುಹೂವು ಈ ಗುಂಪಿನದು. ಗಡ್ಡದ ಹಾಗೆ, ಪುಟ್ಟ ಪೊದೆಯ ಹಾಗೆ ಕೊಂಬೆಯಿಂದ ಜೋತಾಡೋದು ಇನ್ನೊಂದು. ಮೂರನೆಯದು ಗಾಯ ಒಣಗಿದಾಗ ಕಟ್ಟುವ ಹಕ್ಕಳೆಯಂತೆ ತೊಗಟೆಗೋ ಕಲ್ಲಿಗೋ ಗಟ್ಟಿಯಾಗಿ ಅಂಟಿಕೊಂಡಿರೋದು. ಇದನ್ನು ಹಕ್ಕಳೆ ಲೈಕೆನ್ ಅಂತಲೇ ಕರೆಯೋಣ. ಕಲ್ಲುಹೂವನ್ನು ಚಾಕುವಿನ ತುದಿಯಿಂದ ಎಬ್ಬಿಸಬಹುದು. ಹಕ್ಕಳೆಯನ್ನು ಹಾಗೆ ಎಬ್ಬಿಸೋಕೆ ಬರಲ್ಲ, ಎಬ್ಬಿಸಿದರೆ ತೊಗಟೆಯೂ ಜೊತೆಗೇ ಕಿತ್ತು ಬರುತ್ತೆ. ಅದರ ಅಡಿಯಲ್ಲಿ ಬೇರೆ ಪದರವೇ ಇಲ್ಲ, ನೂಲಿನಂಥ ಎಳೆಗಳು ನೇರವಾಗಿ ಮೇಲು ತೊಗಟೆಯ ಸತ್ತ ಪದರದಲ್ಲೇ ಹೆಣೆದುಕೊಂಡಿರುತ್ತವೆ.

ಕಪ್ಪು ಗೆರೆ ಇರುವ ಜಾತಿಗೆ ಗ್ರಾಫಿಸ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಬರೆಯುವುದು ಅನ್ನೋ ಅರ್ಥದ ಮಾತಿನಿಂದ ಬಂದದ್ದು. ಸ್ವೀಡನ್ನಿನ ಲಿನೇಯಸ್ 1753ರಲ್ಲೇ ಯೂರೋಪಿನ ಮರಗಳ ಮೇಲಿನ ಇಂಥದೊಂದಕ್ಕೆ "ಬರೆದ ಲೈಕೆನ್" ಎಂಬ ಅರ್ಥದ ಹೆಸರಿಟ್ಟಿದ್ದ. ನಮ್ಮ ಪಶ್ಚಿಮ ಘಟ್ಟದಲ್ಲಿ ಈ ಕುಲದ ಜಾತಿಗಳು ಬೇಕಾದಷ್ಟಿವೆ. ಮನೆಯಲ್ಲಿ ಮಕ್ಕಳ ಭೂತಗನ್ನಡಿ ಇದ್ದರೆ ತೆಗೆದುಕೊಂಡು ಹೋಗಿ ನೋಡಿ, ಅದನ್ನು ನೋಡಿದ ಮೇಲೆ ಮರದ ಮೇಲೆ ಸಿಟ್ಟು ಬರೋಲ್ಲ. ಬಿಳಿ ನೆಲದ ಮೇಲೆ ಗೆರೆಗಳು ಒಂದು ಕಡೆ ನೆಟ್ಟಗೆ, ಒಂದು ಕಡೆ ಡೊಂಕು, ಇನ್ನೊಂದು ಕಡೆ ಕವಲೊಡೆದು ನಕ್ಷತ್ರದ ಹಾಗೆ. ಪ್ರತಿ ಗೆರೆಗೂ ಎರಡು ಕಪ್ಪು ತುಟಿ, ನಡುವೆ ಸಣ್ಣ ಸೀಳು. ಆ ಸೀಳಿನೊಳಗೇ ಬೀಜಾಣುಗಳು ತಯಾರಾಗುತ್ತವೆ. ಹೂವೂ ಇಲ್ಲ ಕಾಯಿಯೂ ಇಲ್ಲದ ಈ ಜೀವಕ್ಕೆ ಹೆರಿಗೆಮನೆ ಅಂದರೆ ಆ ಗೆರೆಯೇ.

ಎಲ್ಲ ಮಚ್ಚೆಯಲ್ಲೂ ಗೆರೆ ಇರೋದಿಲ್ಲ. ಕೆಲವದರಲ್ಲಿ ಸೂಜಿಮೊನೆಯಷ್ಟು ಕಪ್ಪು ಚುಕ್ಕಿಗಳು, ಕೆಲವದರಲ್ಲಿ ಪುಟಾಣಿ ಬಟ್ಟಲುಗಳು. ಎರಡು ಬೇರೆ ಜಾತಿಗಳು ಎದುರಾದ ಕಡೆ ನಡುವೆ ಒಂದು ತೆಳ್ಳನೆ ಕಪ್ಪು ಗಡಿ ಕಾಣಿಸುತ್ತೆ, ಗದ್ದೆಗಳ ನಡುವಿನ ಬದುವಿನ ಹಾಗೆ. ದಾಯಾದಿಗಳ ಬದುವಿನಂತೆ ಅಲ್ಲೂ ಒತ್ತುವರಿ ನಡೆಯುತ್ತೆ, ಆದರೆ ಬಹಳ ನಿಧಾನವಾಗಿ!

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಹೇಳ್ತೀನಿ. ಒಣಗಿದ ದಿನ ಮಚ್ಚೆಯ ಮೇಲೆ ಒಂದು ಲೋಟ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು ನೋಡಿ. ಬೂದಿ ಬಣ್ಣ ಹೋಗಿ ಹಸಿರು ಛಾಯೆ ತಿರುಗಿದರೆ ಅದು ಲೈಕೆನ್ನೇ ಎಂದು ಹೆಚ್ಚುಕಡಿಮೆ ನಂಬಬಹುದು. ಒಣಗಿದ್ದಾಗ ಮೇಲಿನ ಪದರ ಮಬ್ಬಾಗಿರುತ್ತೆ. ನೆನೆದಾಗ ಅದು ಒದ್ದೆ ಮಲ್ಲಿನ ಹಾಗೆ ಪಾರದರ್ಶಕವಾಗಿ ಒಳಗಿನ ಹಸಿರು ಕಾಣಿಸುತ್ತೆ. ಹಿಟ್ಟು ತಿಗಣೆಯ ಬಿಳುಪಾದರೆ ಹೀಗಾಗಲ್ಲ, ಬೆರಳಲ್ಲಿ ಉಜ್ಜಿದರೆ ಅಂಟಂಟಾಗಿ ಬಂದುಬಿಡುತ್ತೆ.

ಒಳಗಿನ ಹಸಿರು ಅಂದೆನಲ್ಲ, ಸ್ವಾರಸ್ಯವೆಲ್ಲ ಇರೋದು ಅಲ್ಲೇ. ಲೈಕೆನ್ ಒಂದು ಜೀವವಲ್ಲ, ಎರಡು ಜೀವಗಳ ಕೂಡುಬಾಳು. ಒಂದು ಬೂಷ್ಟಿನ ಜಾತಿ, ಅಂದರೆ ಶಿಲೀಂಧ್ರ. ಇನ್ನೊಂದು ಪಾಚಿ. ಬೂಷ್ಟು ಗೋಡೆ ಕಟ್ಟಿ, ಮಾಡು ಹೊದಿಸಿ, ಮಳೆ ಇಬ್ಬನಿಯ ನೀರನ್ನು ಹಿಡಿದಿಟ್ಟು, ಬಿಸಿಲಿನ ಝಳ ತಟ್ಟದಂತೆ ನೋಡಿಕೊಳ್ಳುತ್ತೆ. ಪಾಚಿ ಒಳಗೆ ಕೂತು ಬೆಳಕಿನಿಂದ ಅಡಿಗೆ ಮಾಡುತ್ತೆ, ಗಾಳಿಯಿಂದಲೂ ನೀರಿನಿಂದಲೂ ಸಕ್ಕರೆ ತಯಾರಿಸಿ ಇಬ್ಬರ ಹೊಟ್ಟೆಯನ್ನೂ ತುಂಬಿಸುತ್ತೆ. ಹೀಗೆ ಊಟ ಮನೆಯಲ್ಲೇ ತಯಾರಾಗುವಾಗ ಮರದ ರಸ ಕದಿಯುವ ಗರಜು ಏನಿದೆ ಹೇಳಿ? ಬೇಕಾದ ಲವಣಗಳು ಮಳೆನೀರಿನಲ್ಲೂ ಧೂಳಿನಲ್ಲೂ ಬರುತ್ತವೆ. ಮರ ಕೊಡುವುದು ಕೂರಲು ಜಾಗ ಮಾತ್ರ.

ಇದನ್ನು ಮೊದಲು ಬಿಡಿಸಿ ಹೇಳಿದವನು ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್, 1867ರಲ್ಲಿ. ಅವನ ಪ್ರಕಾರ ಬೂಷ್ಟು ಯಜಮಾನ, ಪಾಚಿಗಳು ಅದರ ಸೆರೆಯಾಳುಗಳು. ಆ ಕಾಲದ ಲೈಕೆನ್ ಪಂಡಿತರಿಗೆಲ್ಲ ಕೋಪ ಬಂತು. ತಾವು ಜೀವಮಾನವಿಡೀ ಓದಿದ ಸಸ್ಯ ಸಸ್ಯವೇ ಅಲ್ಲ ಅಂದರೆ ಯಾರಿಗೆ ತಾನೇ ಬರೋದಿಲ್ಲ? ಕೊನೆಗೆ ಎರಡು ಜೀವ ಎಂಬ ಮಾತು ನಿಂತಿತು. ಅದು ಸ್ನೇಹವೋ ಸೆರೆಯೋ ಎಂಬ ಜಗಳ ಮಾತ್ರ ಪೂರ್ತಿ ಮುಗಿದಿಲ್ಲ. ಈ ಸಂಸಾರದಲ್ಲಿ ನನಗೆ ನಗು ತರಿಸುವ ಸಂಗತಿ ಇನ್ನೊಂದಿದೆ. ವಿಜ್ಞಾನದ ನಿಯಮದಂತೆ ಲೈಕೆನ್ನಿಗೆ ಇಟ್ಟ ಹೆಸರು ಬೂಷ್ಟಿಗೆ ಮಾತ್ರ ಸೇರುತ್ತೆ. ದಿನವಿಡೀ ಅಡಿಗೆಮನೆಯಲ್ಲಿ ದುಡಿಯೋದು ಪಾಚಿ, ಬಾಗಿಲ ಮೇಲಿನ ಫಲಕದಲ್ಲಿ ಹೆಸರು ಬೂಷ್ಟಿನದು! ಇಂಥದ್ದು ಎಲ್ಲೋ ನೋಡಿದ ಹಾಗಿದೆ ಅಲ್ವೇ?

ಹಾಗೆ ನೋಡಿದರೆ ಈ ವಿದ್ಯೆಯಲ್ಲೇ ಅಂಥ ಒಬ್ಬ ಹೆಣ್ಣುಮಗಳಿದ್ದಳು. ಆನಿ ಲೊರೇನ್ ಸ್ಮಿತ್ ಅಂತ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದರೂ, ಆಗ ಹೆಂಗಸರನ್ನು ಅಲ್ಲಿ ಖಾಯಂ ನೌಕರಿಗೆ ತೆಗೆದುಕೊಳ್ಳುತ್ತಿರಲಿಲ್ಲ. 1921ರಲ್ಲಿ ಆಕೆ ಬರೆದ ಲೈಕೆನ್ನುಗಳ ಗ್ರಂಥವನ್ನು ಬಹಳ ಕಾಲ ಎಲ್ಲರೂ ಪಾಠಪುಸ್ತಕವಾಗಿ ಬಳಸಿದರು. ನಮ್ಮ ದೇಶದಲ್ಲಿ ಈ ವಿದ್ಯೆಗೆ ಬುನಾದಿ ಹಾಕಿದವರು ಲಖನೌದ ಪ್ರೊಫೆಸರ್ ಧರಣೀಧರ ಅವಸ್ಥಿ. ಭಾರತದಲ್ಲಿ ಗುರುತಿಸಿದ ಲೈಕೆನ್ ಜಾತಿಗಳೇ ಎರಡು ಸಾವಿರಕ್ಕೂ ಹೆಚ್ಚು.

ಗ್ರಾಫಿಸ್‌ನೊಳಗೆ ಸೇರಿಕೊಳ್ಳುವ ಪಾಚಿಯ ಹೆಸರು ಟ್ರೆಂಟೆಪೋಲಿಯಾ. ಹೆಸರು ಬಾಯಿಗೆ ಒಗ್ಗೋದು ಕಷ್ಟ, ಆದರೆ ಅದನ್ನು ನೋಡದವರಿಲ್ಲ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಮುಗಿಯೋ ಹೊತ್ತಿಗೆ ತೆಂಗಿನ ಮರದ ಮೇಲೆ, ಹಳೇ ಗೋಡೆಯ ಮೇಲೆ ಕಿತ್ತಳೆ ಬಣ್ಣದ ಮಕಮಲ್ಲು ಹೊದಿಸಿದ ಹಾಗೆ ಇರುತ್ತಲ್ಲ, ಅದೇ ಇದು. ಗಜ್ಜರಿಗೆ ಬಣ್ಣ ಕೊಡುವ ಕೆರೋಟಿನ್ನಿನ ಜಾತಿಯ ಬಣ್ಣವೇ ಇದರಲ್ಲೂ ಇರೋದು. ಅದಕ್ಕೇ ಗ್ರಾಫಿಸ್ ಮಚ್ಚೆಯನ್ನು ಉಗುರಿನಿಂದ ಚೂರು ಕೆರೆದರೆ ಒಳಗೆ ಹಸಿರು ಹಳದಿಯೋ ಕಿತ್ತಳೆಯೋ ಕಾಣಿಸುತ್ತೆ. 2001ರಲ್ಲಿ ಕೇರಳದಲ್ಲಿ ಕೆಂಪು ಮಳೆ ಸುರಿದು ಜನ ಗಾಬರಿಯಾದದ್ದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆಗಳೆಲ್ಲ ಕೆಂಪಾದವು ಎಂದು ಸುದ್ದಿ. ಕೊನೆಗೆ ವಿಜ್ಞಾನಿಗಳ ವರದಿ ಬಂತು: ಮಳೆನೀರಿನಲ್ಲಿದ್ದದ್ದು ಈ ಟ್ರೆಂಟೆಪೋಲಿಯಾದ ಬೀಜಾಣುಗಳು!

ಎಲ್ಲಿ ಬೆಳೆಯುತ್ತೆ, ಎಲ್ಲಿ ಬೆಳೆಯಲ್ಲ ಅನ್ನೋದನ್ನು ನಿಮ್ಮ ಹಿತ್ತಲೇ ಹೇಳಿಕೊಡುತ್ತೆ. ಅಡಿಕೆ ಮರ ನೋಡಿ. ತುದಿಯ ಎಳೇ ಭಾಗ ಹಸಿರು, ಕೆಳಗಿನ ಮುದಿ ಭಾಗ ಬಿಳಿ ಬಿಳಿ. ಆ ಬಿಳುಪಿನಲ್ಲಿ ಬಹುಪಾಲು ಹಕ್ಕಳೆ ಲೈಕೆನ್ನುಗಳದ್ದೇ. ನುಣುಪಾದ ಕಾಂಡ, ಸೋಸಿದ ಬೆಳಕು, ತಿಂಗಳುಗಟ್ಟಲೆ ತೇವ, ಇಬ್ಬನಿ ಎಲ್ಲವೂ ಸೇರಿದ ಅಡಿಕೆ ತೋಟ ಇವಕ್ಕೆ ಹೇಳಿ ಮಾಡಿಸಿದ ಮನೆ. "ಹಲಸಿನಿಂದ ಅಡಿಕೆಗೆ ದಾಟುತ್ತೆ" ಅಂದವರು ತಮ್ಮ ತೋಟಕ್ಕೆ ಹೋಗಿ ತಲೆ ಎತ್ತಿ ನೋಡಲಿ, ಅವರಜ್ಜನ ಕಾಲದಿಂದಲೂ ಅಲ್ಲೇ ಇದೆ. ಅದೇ ಸೀಬೆ ಮರ, ನೀಲಗಿರಿ ಮರ ನೋಡಿ. ಮಚ್ಚೆ ಅಪರೂಪ. ಅವು ಆಗಾಗ ತೊಗಟೆ ಸುಲಿದುಕೊಳ್ಳುತ್ತವೆ, ನಿಧಾನವಾಗಿ ಬೆಳೆಯುವ ಹಕ್ಕಳೆಗೆ ಬೇರೂರಲು ಸಮಯವೇ ಸಿಗೋದಿಲ್ಲ. ಬೇರೂರಲು ಅಂದದ್ದು ಮಾತಿಗೆ, ಇದಕ್ಕೆ ಬೇರಿಲ್ಲ.

ನಿಧಾನ ಎಂದರೆ ಎಷ್ಟು? ಬಹುಪಾಲು ಹಕ್ಕಳೆ ಜಾತಿಗಳು ಅಂಚಿನಲ್ಲಿ ಬೆಳೆಯೋದು ವರುಷಕ್ಕೆ ಒಂದೆರಡು ಮಿಲಿಮೀಟರು, ಕೆಲವು ಅಷ್ಟೂ ಇಲ್ಲ. ನೀರಿದ್ದಾಗ ಮಾತ್ರ ಉಸಿರಾಟ, ಅಡಿಗೆ, ಬೆಳವಣಿಗೆ. ಒಣಗಿದಾಗ ಸತ್ತಂತೆ ಮಲಗಿಬಿಡುತ್ತೆ, ಮಳೆ ಹನಿ ಬಿದ್ದೊಡನೆ ಎದ್ದು ಕೂರುತ್ತೆ. ಆಲ್ಪ್ಸ್ ಪರ್ವತದ ಬಂಡೆಗಳ ಮೇಲಿನ ಹಳದಿ ಹಸಿರು ಭೂಪಟ ಲೈಕೆನ್ನಿನ ಅಗಲ ಅಳೆದೇ ಹಿಮನದಿ ಆ ಜಾಗವನ್ನು ಬಿಟ್ಟು ಎಷ್ಟು ಕಾಲವಾಯಿತೆಂದು ಲೆಕ್ಕ ಹಾಕುತ್ತಾರೆ. ಆಸ್ಟ್ರಿಯಾದ ರೋಲಾಂಡ್ ಬೆಷೆಲ್ 1950ರಲ್ಲಿ ತೋರಿಸಿಕೊಟ್ಟ ಉಪಾಯ ಅದು. ಹಾಗಾಗಿ ನಿಮ್ಮ ಹಲಸಿನ ಮೇಲಿನ ಅಂಗೈ ಅಗಲದ ಮಚ್ಚೆ "ಈ ವರುಷ ಬಂದದ್ದು" ಆಗಿರಲಾರದು. ಎಷ್ಟೋ ವರುಷದಿಂದ ಇದ್ದದ್ದು ಈಗ ಕಣ್ಣಿಗೆ ಬಿದ್ದಿದೆ.

ಆದರೆ ಒಂದು ಎಚ್ಚರಿಕೆ. ಮಚ್ಚೆ ನಿಜವಾಗಲೂ ವರುಷ ವರುಷಕ್ಕೂ ಹೆಚ್ಚುತ್ತಿದೆ ಅನ್ನಿಸಿದರೆ ಕಾಂಡ ನೋಡಬೇಡಿ, ತಲೆಯೆತ್ತಿ ಸೊಪ್ಪು ನೋಡಿ. ನೆತ್ತಿಯ ಎಲೆ ವಿರಳವಾದಾಗ ಕಾಂಡದ ಮೇಲೆ ಬೆಳಕು ಹೆಚ್ಚು ಬೀಳುತ್ತೆ. ಬೆಳವಣಿಗೆ ಕುಂಠಿತವಾದ ಮರದ ತೊಗಟೆಯೂ ಹೆಚ್ಚು ಬಿರಿಯೋದಿಲ್ಲ. ಆಗ ಲೈಕೆನ್ನಿಗೆ ಸುಗ್ಗಿ. ಮರ ಸೊರಗಿದ್ದಕ್ಕೆ ಮಚ್ಚೆ ಹೆಚ್ಚಿದ್ದೇ ಹೊರತು ಮಚ್ಚೆಯಿಂದ ಮರ ಸೊರಗಿದ್ದಲ್ಲ. ಕಾರಣ ಬೇರೆಲ್ಲೋ ಇರುತ್ತೆ. ಬುಡದಲ್ಲಿ ನೀರು ನಿಂತಿದೆಯೇ? ಮನೆ ಕಟ್ಟುವಾಗ ಬೇರು ಕಡಿದಿದ್ದಾರೆಯೇ? ಬುಡಕ್ಕೆ ಮಣ್ಣು ಕಲ್ಲು ಸುರಿದು ಮುಚ್ಚಿದ್ದಾರೆಯೇ?

ನಿಜವಾದ ರೋಗದ ಗುರುತುಗಳೇ ಬೇರೆ. ಕಾಂಡದಲ್ಲಿ ತೂತು, ಬಾಯಲ್ಲಿ ಮರದ ಪುಡಿ ಕಂಡರೆ ಕಾಂಡ ಕೊರೆಯುವ ಹುಳು. ಮಳೆಗಾಲದಲ್ಲಿ ಕೊಂಬೆಯ ಮೇಲೆ ತಿಳಿ ಗುಲಾಬಿ ಬಣ್ಣದ ಪೊರೆ ಹಬ್ಬಿ, ಅದರಾಚೆಯ ಎಲೆ ಒಣಗಿದರೆ ಗುಲಾಬಿ ರೋಗ. ಆ ಕೊಂಬೆಯನ್ನು ಕೆಳಗಿನಿಂದ ಕಡಿದು ಸುಡಬೇಕು. ತೆಂಗಿನ ಕಾಂಡ ಬಿರಿದು ಕೆಂಪು ಕಂದು ರಸ ಸೋರಿದರೆ ರಸ ಸೋರುವ ರೋಗ. ಅಡಿಕೆ, ತೆಂಗಿನ ಬುಡದಲ್ಲಿ ಗಟ್ಟಿ ಅಣಬೆ ಮೂಡಿದರೆ ತಡಮಾಡದೆ ಕೃಷಿ ಇಲಾಖೆಯವರಿಗೋ ತೋಟಗಾರಿಕೆಯವರಿಗೋ ತೋರಿಸಿ. ಬಂದಳಿಕೆ ಕಂಡರಂತೂ ಬಿಡಲೇಬೇಡಿ. ಹಸಿರಾಗಿ, ಚೆಂದದ ಹೂ ಬಿಟ್ಟುಕೊಂಡು ನಿಂತಿರುತ್ತೆ, ಆದರೆ ಕೊಂಬೆಯೊಳಗೆ ಬೇರು ಇಳಿಸಿ ರಸ ಹೀರೋದು ಅದೇ. ವಿಚಿತ್ರ ನೋಡಿ, ಹೀರುವವರು ಹೂ ಮುಡಿದು ಕೂತಿರುತ್ತಾರೆ, ಅಪವಾದ ಮಾತ್ರ ಪಾಪದ ಹಕ್ಕಳೆಗೆ.

ಇನ್ನು ಮದ್ದಿನ ಮಾತು. ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ ಹೊಡೆದರೆ ಲೈಕೆನ್ ಸಾಯುತ್ತೆ, ಸುಳ್ಳಲ್ಲ. ಒಳಗಿರೋದು ಬೂಷ್ಟು, ತಾಮ್ರ ಬೂಷ್ಟಿಗೆ ವಿಷ. ಆದರೆ ಆ ದ್ರಾವಣ ನಮ್ಮ ನಾಡಿಗೆ ಬಂದದ್ದು ಅಡಿಕೆಯ ಕೊಳೆರೋಗಕ್ಕಾಗಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಆ ರೋಗದ ಮೇಲೆ ವರದಿ ಬರೆದು ಅದರ ಬಳಕೆಗೆ ದಾರಿ ಮಾಡಿದರು. ಗೊನೆಗೆ ಹೊಡೆಯೋದಕ್ಕೆ ಕಾರಣವಿದೆ, ಬೆಳೆ ಉಳಿಯುತ್ತೆ. ತೊಂದರೆ ಕೊಡದ ಮಚ್ಚೆಗೆ ಹೊಡೆದರೆ ದುಡ್ಡೂ ದಂಡ, ತಾಮ್ರವೂ ಮಣ್ಣಿನಲ್ಲೇ ಉಳಿದು ಎರೆಹುಳುವಿಗೆ ಕೇಡು. ಬಾವಿ ಪಕ್ಕದ ಮರವಾದರಂತೂ ಯೋಚನೆಯನ್ನೇ ಮಾಡಬೇಡಿ. ಸೀಮೆಎಣ್ಣೆ ಒರೆಸೋದು, ಡಾಂಬರು ಬಳಿಯೋದು, ತಂತಿ ಬ್ರಷ್ಷಿನಿಂದ ಉಜ್ಜೋದು ಇವೆಲ್ಲ ಮರಕ್ಕೆ ಮಾಡುವ ಗಾಯ. ಆ ಗಾಯದಿಂದಲೇ ನಿಜವಾದ ರೋಗ ಒಳಹೊಕ್ಕೀತು.

ಕಲ್ಲಿನ ವಿಚಾರದಲ್ಲೂ ಇದೇ ಎಚ್ಚರ. ಕಲ್ಲಿನ ತುಳಸಿಕಟ್ಟೆ, ಮೆಟ್ಟಿಲು, ಹಿತ್ತಲಲ್ಲಿ ಬಿದ್ದ ಹಳೇ ಒರಳಿನ ಮೇಲೂ ಹಕ್ಕಳೆಗಳು ಬರುತ್ತವೆ. ಓಡಾಡುವ ಮೆಟ್ಟಿಲು ಜಾರುತ್ತೆ ಅಂದರೆ ನೀರು ಹಾಕಿ ತೆಂಗಿನ ನಾರಿನಿಂದ ತಿಕ್ಕಿ, ಸಾಕು. ಊರ ವೀರಗಲ್ಲು, ಶಾಸನದ ಕಲ್ಲುಗಳನ್ನು ಮಾತ್ರ ಸ್ವಚ್ಛ ಮಾಡುವ ಉತ್ಸಾಹದಲ್ಲಿ ಆ್ಯಸಿಡ್ ಹಾಕಿ ಉಜ್ಜಬೇಡಿ, ಉಜ್ಜಲು ಬಿಡಲೂಬೇಡಿ. ಲೈಕೆನ್ ತನ್ನ ಆಮ್ಲದಿಂದ ಕಲ್ಲನ್ನು ಸವೆಸುತ್ತೆ ನಿಜ, ಆದರೆ ಅದಕ್ಕೆ ಬಹಳ ಕಾಲ ಬೇಕು. ತಂತಿ ಬ್ರಷ್ಷಿಗೆ ಅಕ್ಷರ ಅಳಿಸಲು ಒಂದು ಮಧ್ಯಾಹ್ನ ಸಾಕು.

ಕಾಗದದ ಕೊನೆಯಲ್ಲಿ ನಮ್ಮ ಸೋದರಿ ಇನ್ನೊಂದು ಕೇಳಿದ್ದಾರೆ: "ಇದನ್ನೇ ಕೆರೆದು ಕಲ್ಲುಹೂವಿನ ಬದಲು ಮಸಾಲೆಗೆ ಹಾಕಬಹುದೇ?" ಬೇಡಿ. ಕೆರೆದರೆ ಬರೋದು ತೊಗಟೆಯ ಪುಡಿ. ಲೈಕೆನ್ನುಗಳೆಲ್ಲ ತಿನ್ನಲು ಯೋಗ್ಯವೂ ಅಲ್ಲ, ಕೆಲವು ವಿಷ. ಅಂಗಡಿಯ ಕಲ್ಲುಹೂವೇ ಸರಿ. ಹೆಸರು ಕಲ್ಲಿನದಾದರೂ ಅದರಲ್ಲಿ ಹೆಚ್ಚಿನದು ಕಾಡಿನ ಮರಗಳಿಂದ ಕಿತ್ತು ತಂದದ್ದು. ಅದಕ್ಕೇ ತೊಗಟೆ ಚೂರು, ಕಸ, ಮಣ್ಣನ್ನು ಆರಿಸಿ, ಕೈಯಲ್ಲಿ ಉಜ್ಜಿ ಕೇರಿಕೊಳ್ಳಿ. ನಾಲ್ಕು ತೊಟ್ಟು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಗರಿಗರಿಯಾಗುವಷ್ಟು ಹುರಿಯಿರಿ. ಹಸಿಯದಕ್ಕೆ ವಾಸನೆಯೇ ಇಲ್ಲ, ಬಿಸಿ ತಾಗಿದ ಮೇಲೇ ಘಮ ಬಿಡೋದು. ಬಿಸಿಬೇಳೆ ಭಾತಿನ ಪುಡಿಗೆ ಒಂದೆರಡು ಎಸಳು ಸಾಕು, ಕೈಮಿಕ್ಕಿದರೆ ಕಹಿ. ತಿಂಗಳಿಗೆ ಬೇಕಾದಷ್ಟೇ ಕೊಳ್ಳಿ. ಅದೂ ನಿಧಾನವಾಗಿ ಬೆಳೆಯುವ ಜೀವವೇ.

ಮಚ್ಚೆ ಇರೋದು ಹಿತ್ತಲ ಗಾಳಿಗೂ ಒಳ್ಳೆಯ ಸರ್ಟಿಫಿಕೇಟು. ಬೇರಿಲ್ಲದ್ದರಿಂದ ಇದು ಗಾಳಿಯಲ್ಲಿ ಬಂದದ್ದನ್ನೆಲ್ಲ ಮೈಯಿಂದಲೇ ಕುಡಿಯುತ್ತೆ. ಗಂಧಕದ ಹೊಗೆ ಬಂದರೆ ಹಲವು ಜಾತಿಗಳು ಸತ್ತೇಹೋಗುತ್ತವೆ. ಪ್ಯಾರಿಸ್ಸಿನ ಲಕ್ಸೆಂಬರ್ಗ್ ತೋಟದ ಮರಗಳನ್ನು ನೋಡಿ 1866ರಲ್ಲೇ ನೈಲಾಂಡರ್ ಎಂಬ ವಿಜ್ಞಾನಿ ಇದನ್ನು ಬರೆದಿಟ್ಟಿದ್ದಾನೆ. ಪುಟ್ಟ ಮಿನಿವೆಟ್ ಹಕ್ಕಿಯಂಥವು ಲೈಕೆನ್ ಚೂರುಗಳನ್ನೇ ಜೇಡರ ಬಲೆಯಿಂದ ಗೂಡಿನ ಹೊರಮೈಗೆ ಅಂಟಿಸುತ್ತವೆ, ಗೂಡು ಕೊಂಬೆಯ ಗಂಟಿನ ಹಾಗೆ ಕಂಡು ಶತ್ರುವಿನ ಕಣ್ಣು ತಪ್ಪುತ್ತೆ.

ತಂಗೀ, ಮನೆಯವರಿಗೆ ನನ್ನ ಮಾತು ಸಾಲದೆ ಹೋದರೆ ಹೀಗೆ ಮಾಡಿ. ಮಕ್ಕಳ ಪುಸ್ತಕದಿಂದ ಒಂದು ತೆಳು ಕಾಗದ ತೆಗೆದು ಮಚ್ಚೆಯ ಮೇಲಿಟ್ಟು, ಪೆನ್ಸಿಲಿನಲ್ಲಿ ಅಂಚಿನ ಗೆರೆ ಎಳೆಯಿರಿ. ಕಾಗದ ಇಟ್ಟ ಜಾಗ ಗುರುತಿರಲೆಂದು ಮರದ ಕೆಳಗೆ ಒಂದು ಕಲ್ಲಿಡಿ, ಮೊಳೆ ಹೊಡೆಯಬೇಡಿ. ತಾರೀಖು ಬರೆದು ಪಂಚಾಂಗದೊಳಗೆ ಇಟ್ಟುಬಿಡಿ. ಬರುವ ವರುಷ ಹಪ್ಪಳದ ಕಾಲಕ್ಕೆ ಅದೇ ಕಾಗದವನ್ನು ಅದೇ ಜಾಗದಲ್ಲಿ ಹಿಡಿದು, ಗೆರೆ ಎಷ್ಟು ಸರಿದಿದೆ ಎಂದು ಅವರ ಕೈಯಿಂದಲೇ ಅಳೆಸಿ. ನಾಟಾ ವ್ಯಾಪಾರಿ ಮತ್ತೆ ಬಂದರೆ ಆ ಅಳತೆ ಮುಗಿಯುವವರೆಗೆ ಕಾಯಲು ಹೇಳಿ.